ಮರಳೂರು ಕಾಲಮೀಮಾಂಸೆ, ಅಥವಾ ಆ್ಯಪಿನಲ್ಲಿ ತಾರೀಕು ತಪ್ಪುವ ಬಗೆ

ಕಾಲ ಅಖಂಡವೆಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರಕಾರರು ತುಮಕೂರಿನ ಮರಳೂರು ಕಡೆ ಬಂದಿರಲಿಕ್ಕಿಲ್ಲ. 1906ರಿಂದ ಭಾರತದ ಗಡಿಯಾರ ಓಡುತ್ತಿರುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು 77ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸರ್ಕಾರಿ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದೆ. ಆದ್ದರಿಂದ ಕುಣಿಗಲ್ ರಸ್ತೆಯಲ್ಲಿ 'ಬಂದೇಬಿಟ್ಟೆ ಅಣ್ಣ' ಎಂದವನು ಇಪ್ಪತ್ತು ನಿಮಿಷ ಕಾಯಿಸಿದರೆ ಅದನ್ನು ಸ್ಥಳೀಯ ಸೌರಮಾನವೆಂದೇ ತಿಳಿಯತಕ್ಕದ್ದು. ಈ ಮತವನ್ನು ಕಾದವರು ಇನ್ನೂ ಒಪ್ಪಿಲ್ಲ.

ಪ್ರಕೃತ ವಿಷಯ ಜನ್ಮದಿನ. ಜನವರಿ 1, 2020ರಂದು ಹುಟ್ಟಿದ ಮಗುವಿನ ತಾರೀಕನ್ನು ಆ್ಯಪಿಗೆ ತುಂಬಿದರೆನ್ನೋಣ. ಆ್ಯಪಿಗೆ ಬರೀ ತಾರೀಕು ಸಾಲದು, ಗಂಟೆಯೂ ಬೇಕು. ಯಾರನ್ನೂ ಕೇಳದೆ ಮಧ್ಯರಾತ್ರಿ 12 ಎಂದು ಬರೆದುಕೊಳ್ಳುತ್ತದೆ. ಸರ್ವರಿಗೆ ಕಳಿಸುವಾಗ ಯುಟಿಸಿ ಎಂಬ ಲೋಕಮಾನಕ್ಕೆ ತಿರುಗಿಸಲು ಐದೂವರೆ ಗಂಟೆ ಕಳೆಯುತ್ತದೆ. ಉಳಿದದ್ದು ಡಿಸೆಂಬರ್ 31, 2019, ಸಂಜೆ 6.30. ಇನ್ನೊಂದು ಪರದೆ ಗಂಟೆಯನ್ನು ಕತ್ತರಿಸಿ ತಾರೀಕನ್ನಷ್ಟೇ ತೋರಿಸುವ ಹೊತ್ತಿಗೆ ಮಗು ಹೋದ ವರ್ಷದ್ದಾಗಿರುತ್ತದೆ. "ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೂತಿದ್ದೋಳು ನಾನು ಕಣೋ, ನಿನ್ನ ಫೋನ್ ಎಲ್ಲಿತ್ತು ಆಗ?" ಎಂಬ ಅಜ್ಜಿಯ ಆಕ್ಷೇಪಕ್ಕೆ ಯಾವ ಕೈಪಿಡಿಯಲ್ಲೂ ಸಮಾಧಾನವಿಲ್ಲ.

ಪೂರ್ವಪಕ್ಷ: 'ತೋರಿಸುವಾಗ ಐದೂವರೆ ಗಂಟೆ ಕೂಡಿಸಿದರಾಯಿತಲ್ಲ ಸಾರ್?' ಆಗಲಿಲ್ಲ. ಆ್ಯಪ್ ನೋಡುವವರು ಹೊರದೇಶದಲ್ಲೂ ಇರುತ್ತಾರೆ. ಕ್ಯಾಲಿಫೋರ್ನಿಯಾದವರು ಮಾರ್ಚಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಗಡಿಯಾರ ತಿರುಗಿಸುತ್ತಾರೆ. ನಮಗೂ ಅವರಿಗೂ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ. ನಾವೇನು ಸಾಮಾನ್ಯರೇ? ಯುದ್ಧಕಾಲದಲ್ಲಿ, 1942ರಿಂದ 45ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದೋಡಿತ್ತು. 1943ರಲ್ಲಿ ಹುಟ್ಟಿದ ಅಜ್ಜನ ಜಾತಕಕ್ಕೆ ಕಣ್ಣುಮುಚ್ಚಿ ಐದೂವರೆ ಹಿಡಿದರೆ ಲಗ್ನವೇ ಪಲ್ಲಟವಾದೀತು. ಹಾಗಾಗಿ ಕೋಡಿನಲ್ಲಿ ಅಂಕಿ ಬರೆಯದೆ 'ಏಷ್ಯಾ/ಕೋಲ್ಕತಾ' ಎಂದು ವಲಯದ ಹೆಸರು ಬರೆಯಬೇಕು. ಅದಕ್ಕೆ ಈ ಹಳೇ ಕಥೆಯೆಲ್ಲ ಗೊತ್ತು.

ಸಿದ್ಧಾಂತ ಚಿಕ್ಕದು. ಮೀಟಿಂಗು, ಹಣ ಪಾವತಿ ಇಂಥವು ಒಂದು ಕ್ಷಣಕ್ಕೆ ಸೇರಿದವು. ಯುಟಿಸಿಯಲ್ಲಿಟ್ಟು ನೋಡುವವರ ವಲಯದಲ್ಲಿ ತೋರಿಸಿ. ಹುಟ್ಟಿದ ದಿನವನ್ನು ಬರೀ ದಿನವಾಗಿಡಿ, ವಲಯ ಮುಟ್ಟಿಸಬೇಡಿ. ರಾಹುಕಾಲ ಎರಡೂ ಗುಂಪಿಗೆ ಸೇರದು. ನಿಂತ ಊರಿನ ಸೂರ್ಯೋದಯ ಹಿಡಿದು ಅದನ್ನು ಹೊಸದಾಗಿ ಲೆಕ್ಕ ಹಾಕಬೇಕು. ಅದು ಬಿಟ್ಟು, ಮರಳೂರಿನ ಸೋಮವಾರ ಬೆಳಿಗ್ಗೆ ಏಳೂವರೆಯ ರಾಹುವನ್ನು ಆ್ಯಪ್ ನಿಷ್ಠೆಯಿಂದ ಕ್ಯಾಲಿಫೋರ್ನಿಯಾ ವೇಳೆಗೆ ತಿರುಗಿಸಿತೆನ್ನಿ, ಬೇಸಿಗೆಯಲ್ಲಿ ಅವನು ಅಲ್ಲಿ ಭಾನುವಾರ ಸಂಜೆ ಏಳಕ್ಕೇ ವಕ್ಕರಿಸುತ್ತಾನೆ. ಅಲ್ಲಿನ ಸೂರ್ಯ ತಂದ ರಾಹು ಬೇರೆ ಇದ್ದೇ ಇದ್ದಾನೆ. ಅಲ್ಲಿ ನೆಲೆಸಿದ ಮೊಮ್ಮಗನಿಗೆ ವಾರಕ್ಕೆ ಹದಿನಾಲ್ಕು ರಾಹುಕಾಲ.