ಲ್ಯಾಟಿನ್ ಗ್ರಾಮವಿಶೇಷಣ ಮೀಮಾಂಸೆ

ಗ್ರಂಥಗಳಿಗೂ ಸಂಗೀತಕೃತಿಗಳಿಗೂ ಊರಿನ ಹೆಸರನ್ನು ಲ್ಯಾಟಿನ್ ಪ್ರತ್ಯಯದೊಡನೆ ತೊಡಿಸುವ ಪದ್ಧತಿ ಪಶ್ಚಿಮದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದ್ದರೂ, ಆ ವಿಶೇಷಣವು ಕೃತಿಯ ಹುಟ್ಟೂರನ್ನು ಹೇಳುವುದೋ ಸಿಕ್ಕಿಬಿದ್ದ ಊರನ್ನು ಹೇಳುವುದೋ ಎಂಬ ಗಹನವಾದ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತದೆ ಬಿಟ್ಟುದು ನನ್ನ ಪುಣ್ಯವಿಶೇಷವೇ ಸರಿ.

ಹುಟ್ಟೂರನ್ನೇ ಎಂಬುದು ಪೂರ್ವಪಕ್ಷ. ಅದು ನಿಲ್ಲದು. ಬವೇರಿಯದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ 1803ರಲ್ಲಿ ದೊರೆತ ಹಸ್ತಪ್ರತಿಯಲ್ಲಿ ಕುಡಿತ, ಜೂಜು, ಪ್ರಣಯಗಳನ್ನು ಮನಸಾರೆ ಕೊಂಡಾಡುವ ಹಾಡುಗಳಿದ್ದುವು. 1847ರಲ್ಲಿ ಅವನ್ನು ಅಚ್ಚುಹಾಕಿಸಿದ ಷ್ಮೆಲ್ಲರ್ ಪಂಡಿತನು, ಆ ಊರಿನ ಹಾಡುಗಳೆಂಬ ಅರ್ಥದಲ್ಲಿ, 'ಕಾರ್ಮಿನಾ ಬುರಾನಾ' ಎಂದು ಹೆಸರಿಡಲಾಗಿ, ಹೆಂಡದ ಪದಗಳಿಗೆ ಮಠದ ಮುದ್ರೆ ಬಿದ್ದಿತು. ಬರೆದುದು ಅಲ್ಲಲ್ಲ, ಬಹುಶಃ ತಿರೋಲ್ ಕಡೆಯಲ್ಲೆಂದು ಈಚಿನ ವಿದ್ವಾಂಸರು ವಾದಿಸಿದರೂ ಹೆಸರು ಕದಲಲಿಲ್ಲ. ಸಂಗೀತರಚಕ ಕಾರ್ಲ್ ಓರ್ಫನು ಅವುಗಳಲ್ಲಿ ಕೆಲವನ್ನು ಆಯ್ದು 1937ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಭೇರಿ ಬಾರಿಸಿ ಹಾಡಿಸಿದುದನ್ನು ಕೇಳಿ, ಬುರಾನಾ ಎಂಬಾಕೆ ಗಾಯಕಿಯೆಂದು ನಾನೇ ಕೆಲವು ಕಾಲ ನಂಬಿದ್ದೆನು. ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದ ಸುವಾರ್ತೆಯ ಹಳೆಯ ಪ್ರತಿಯಾದರೂ, 1581ರಲ್ಲಿ ಬೇಜಾ ಎಂಬ ಆಚಾರ್ಯನು ಅದನ್ನು ಕೇಂಬ್ರಿಡ್ಜಿಗೆ ದಾನಮಾಡಿದ ಬಳಿಕ, 'ಕ್ಯಾಂಟಬ್ರಿಜಿಯೆನ್ಸಿಸ್' ಎನಿಸಿಕೊಂಡಿತು. ಆದುದರಿಂದ ಈ ವಿಶೇಷಣವು ಜನ್ಮವನ್ನಲ್ಲ, ಜಪ್ತಿಯನ್ನು ಸೂಚಿಸುವುದೆಂಬುದೇ ಸಿದ್ಧಾಂತ.

ಅಪವಾದ ನಮ್ಮಲ್ಲೇ ಇದೆ. ರೈಸ್ ಸಾಹೇಬರು 1886ರಲ್ಲಿ ಆರಂಭಿಸಿದ ಶಾಸನಸಂಪುಟಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಶಿಲೆಗಳು, ಬಹುಮಟ್ಟಿಗೆ ಹುಟ್ಟಿದಲ್ಲಿಯೇ ಹೂತು ನಿಂತುವಾಗಿ, ಜಪ್ತಿಗೆ ಒಳಗಾಗಲಿಲ್ಲ.

ಇನ್ನು ಲಿಂಗವಿಚಾರ. ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಾಗಿ ಹೊರಟ, ಮಲಬಾರಿನ ಗಿಡಮರಗಳ ಗ್ರಂಥವೂ ನೀರು ಹಾಯಿಸಬೇಕಿಲ್ಲದ ತೋಟವೂ ಆದ 'ಹೋರ್ಟಸ್ ಮಲಬಾರಿಕಸ್' ಪುಲ್ಲಿಂಗ. ಘಟ್ಟದ ಮೇಲಿನ 'ಕರ್ನಾಟಿಕಾ' ಸ್ತ್ರೀಲಿಂಗ. ಇದು ಹವೆಯ ಗುಣವೆಂದು ಮತವೊಂದನ್ನು ಹೂಡಿ ವಾರದ ಮಟ್ಟಿಗೆ ಸುಖವಾಗಿದ್ದೆನು. ವಿಶೇಷಣವು ಸಂಸ್ಕೃತದಲ್ಲಿರುವಂತೆಯೇ ವಿಶೇಷ್ಯನಿಘ್ನವೆಂದೂ, ತೋಟವೆಂಬ ಪದ ಗಂಡು, ಶಾಸನಶಾಸ್ತ್ರವೆಂಬುದು ಹೆಣ್ಣು ಆದುದೇ ಕಾರಣವೆಂದೂ ಮಿತ್ರರೊಬ್ಬರು ಹೇಳಿ ಕೆಡಿಸಿದರು.

ಈ ಸಿದ್ಧಾಂತವನ್ನು ಪ್ರಯೋಗಿಸುವ ಅವಕಾಶವೂ ಒದಗಿತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡ ನಮ್ಮ ಹಾಲಿನ ಲೆಕ್ಕದ ಪುಸ್ತಕವು ಆಷಾಢದಲ್ಲಿ ಮನೆಯವರೊಡನೆ ಅವರ ತವರಾದ ತಿಪಟೂರಿಗೆ ಹೋಗಿ, ಶ್ರಾವಣದಲ್ಲಿ ಅಲ್ಲಿನ ಕೊಬ್ಬರಿ ಮೂಟೆಯ ಸಂದಿಯಲ್ಲಿ ಪತ್ತೆಯಾಯಿತು. 'ಎನ್ಸಿಸ್' ಪ್ರತ್ಯಯವು ಗಂಡಿಗೂ ಹೆಣ್ಣಿಗೂ ಒಂದೇ ಆದುದರಿಂದ, ಪುಸ್ತಕ ಯಾರದೆಂಬ ವ್ಯಾಜ್ಯವೇಳದಂತೆ 'ಕೋಡೆಕ್ಸ್ ತಿಪಟೂರೆನ್ಸಿಸ್' ಎಂದು ರಟ್ಟಿನ ಮೇಲೆ ಬರೆದಿರುವೆನು. ಹಾಲಿನವನು ಅದನ್ನೊಮ್ಮೆ ತಿರುವಿ ನೋಡಿ, ಬಾಕಿ ಮೂವತ್ತೊಂದು ಪಾವು ಎಂದನು.