‘ಇವತ್ತಿನ ಕ್ಯಾಪ್ಟನ್ ಯಾರು’ ಎಂದು ಹೇಳುವ ಮಹನೀಯರಿಗೆ ಸಿಂದಗಿಯಿಂದ ಬಹಿರಂಗ ಪತ್ರ

ನಡು ಸೀಸನ್ನಿನಲ್ಲಿ ಆಟಗಾರರ ಅಪ್‌ಡೇಟ್ ಬರೆಯುವ ಮಾನ್ಯರೇ,

ಐಪಿಎಲ್ ಅರ್ಧ ದಾರಿ ಮುಟ್ಟಿತೆಂದರೆ ತಮ್ಮ ಕಸುಬಿಗೆ ಸುಗ್ಗಿ. ಯಾರ ತೊಡೆಯ ಸ್ನಾಯು ಹಿಡಿದಿದೆ, ಯಾರ ಬೆರಳಿಗೆ ಪೆಟ್ಟಾಗಿದೆ, ಯಾರು ಮೂರು ಪಂದ್ಯಗಳಿಂದ ರನ್ನು ಕಂಡಿಲ್ಲ, ಯಾವ ಪಿಚ್ ಸ್ಪಿನ್ನಿಗೆ ಒಲಿಯುತ್ತದೆ ಎಂಬುದನ್ನೆಲ್ಲ ಸೋಸಿ, ಫ್ಯಾಂಟಸಿ ತಂಡಕ್ಕೆ ಹನ್ನೊಂದು ಮಂದಿಯನ್ನು ಆರಿಸಿ, ಕ್ಯಾಪ್ಟನ್‌ಗೆ ಎರಡು ಪಟ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು ಅಂಕವೆಂಬ ಲೆಕ್ಕದ ಸಮೇತ ನಮ್ಮ ಮೊಬೈಲಿಗೆ ಮುಟ್ಟಿಸುತ್ತ ಬಂದಿದ್ದೀರಿ. 2025ರ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡು ಆರ್‌ಸಿಬಿಗೆ ಮಯಂಕ್ ಅಗರವಾಲ್ ಬಂದ ಸುದ್ದಿ ಬೆಂಗಳೂರಿಗೆ ಎಷ್ಟು ಬೇಗ ಗೊತ್ತಾಯಿತೋ ಸಿಂದಗಿಯ ಬಸ್ ನಿಲ್ದಾಣಕ್ಕೂ ಅಷ್ಟೇ ಬೇಗ ಗೊತ್ತಾಯಿತು. ಕಾಲುವೆಗೆ ನೀರು ಬಿಡುವ ದಿನಾಂಕ ಇಂಡಿ, ಮುದ್ದೇಬಿಹಾಳದ ಹೊಲಗಳಿಗೆ ಇಷ್ಟು ಚುರುಕಾಗಿ ತಲುಪುವುದಿಲ್ಲ. ಈ ಸೇವೆಗೆ ಕೈಮುಗಿಯುತ್ತಲೇ ಒಂದು ತಕರಾರು ತೆಗೆಯುತ್ತೇನೆ. ಫ್ಯಾಂಟಸಿ ಆಟ ಜೂಜಲ್ಲ, ಕೌಶಲ ಎನ್ನಲು ತಮ್ಮ ಅಪ್‌ಡೇಟನ್ನೇ ಸಾಕ್ಷಿಯಾಗಿ ನಿಲ್ಲಿಸಲಾಗುತ್ತದೆ. ನನಗೆ ಕಂಡಂತೆ ಆ ಸಾಕ್ಷಿ ಎದುರು ಪಾರ್ಟಿಯದು.

ಮೊದಲು ಈ ವಿದ್ಯೆಯ ಹಿರಿಯರಿಗೆ ಸಲ್ಲಬೇಕಾದದ್ದು ಸಲ್ಲಲಿ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಬೇಸ್‌ಬಾಲ್ ಆಟಗಾರರನ್ನು ತಮ್ಮತಮ್ಮಲ್ಲೇ ಹರಾಜು ಹಾಕಿ ಕಾಗದದ ಮೇಲೆ ತಂಡ ಕಟ್ಟಿದರು. ತಾವು ಊಟಕ್ಕೆ ಸೇರುತ್ತಿದ್ದ ಹೋಟೆಲಿನ ನೆನಪಿಗೆ ಅದಕ್ಕೆ ‘ರೊಟಿಸರಿ’ ಎಂದು ಹೆಸರಿಟ್ಟರು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಒಂದು ತಂಡ ಒಂದು ಸೀಸನ್ನಿಗೆ 162 ಪಂದ್ಯ ಆಡುತ್ತದೆ. ಕಾಗದದ ತಂಡವನ್ನು ಅಷ್ಟೂ ತಿಂಗಳು ಸಾಕಬೇಕು, ಗಾಯಗೊಂಡವನನ್ನು ಬದಲಿಸಬೇಕು, ಮಂಕಾದವನನ್ನು ಸಹಿಸಬೇಕೋ ಬಿಡಬೇಕೋ ತೀರ್ಮಾನಿಸಬೇಕು. ಒಂದು ದಿನ ಕೈಕೊಟ್ಟ ಅದೃಷ್ಟ ಇನ್ನೊಂದು ದಿನ ಕೈಹಿಡಿದು, ಕೊನೆಗೆ ತಿಳಿವಳಿಕೆ ಇದ್ದವನು ಮೇಲೆ ಬರುತ್ತಾನೆ. ಅಲ್ಲಿ ನಡು ಸೀಸನ್ನಿನ ವರದಿಗೆ ಬೆಲೆ ಇದೆ: ಮುಗಿದ 81 ಪಂದ್ಯ ನೋಡಿ ಉಳಿದ 81ರ ಬಗ್ಗೆ ಒಂದು ಮಾತು ಆಡಬಹುದು. ನಮ್ಮಲ್ಲಿ ಆದದ್ದೇನೆಂದರೆ, ಆರು ತಿಂಗಳ ಆಟವನ್ನು ಒಂದು ಸಂಜೆಗೆ ಇಳಿಸಿ, ಆರು ತಿಂಗಳಿಗೆ ಬರೆಯುವ ಧಾಟಿಯ ವರದಿಯನ್ನು ಮಾತ್ರ ಹಾಗೇ ಉಳಿಸಿಕೊಂಡೆವು.

ಒಂದು ಸಂಜೆಯ ಬಗ್ಗೆ ‘ಫಾರ್ಮ್’ ಎಂಬುದು ಎಷ್ಟು ಹೇಳಬಲ್ಲದು? ದೂರ ಹೋಗುವುದು ಬೇಡ, ನಮ್ಮ ವಿಜಯಪುರ ಜಿಲ್ಲೆಯ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಅವರನ್ನೇ ಕೇಳೋಣ. 2017ರ ಮಹಿಳಾ ವಿಶ್ವಕಪ್ಪು ಒಂದಿನಿತೂ ಕಾಲ್ಪನಿಕವಲ್ಲ. ಜುಲೈ 2ರಂದು ಡರ್ಬಿಯಲ್ಲಿ ಪಾಕಿಸ್ತಾನದ ವಿರುದ್ಧ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ 18 ರನ್ನಿಗೆ 5 ವಿಕೆಟ್ ಕಿತ್ತರು. ಜುಲೈ 15ರಂದು ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು ಪಂದ್ಯ. ಗೆದ್ದವರಿಗೆ ಸೆಮಿಫೈನಲ್, ಸೋತವರಿಗೆ ವಿಮಾನ. ಆ ದಿನ ಏಕ್ತಾ ಹೊರಗುಳಿದರು. ಅವರ ಜಾಗಕ್ಕೆ ಬಂದ ವಿಜಯಪುರದ ಹುಡುಗಿಗೆ ಆ ಟೂರ್ನಿಯಲ್ಲಿ ಅದೇ ಮೊದಲ ಪಂದ್ಯ. 15 ರನ್ನಿಗೆ 5 ವಿಕೆಟ್! ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಈಗ ತಮ್ಮ ಶಾಸ್ತ್ರದ ಪ್ರಕಾರ ಆ ಬೆಳಗಿನ ಅಪ್‌ಡೇಟ್ ಬರೆಯಿರಿ ನೋಡೋಣ. ಏಕ್ತಾ: ಈ ಮೈದಾನ ಅವರಿಗೆ ಒಲಿದದ್ದು, ಕಣ್ಣುಮುಚ್ಚಿ ತೆಗೆದುಕೊಳ್ಳಿ. ರಾಜೇಶ್ವರಿ: ಈ ಟೂರ್ನಿಯಲ್ಲಿ ಅಂಕಿಯೇ ಇಲ್ಲ, ಬಿಟ್ಟುಬಿಡಿ, ತೀರಾ ಆಸೆಯಾದರೆ ಜಿಎಲ್‌ನಲ್ಲಿ ಟ್ರೈ ಮಾಡಿ. (ಈ ಕೊನೆಯ ಸಾಲಿಗೆ ನನ್ನ ವಿಶೇಷ ಮೆಚ್ಚುಗೆ. ಲಕ್ಷಗಟ್ಟಲೆ ಜನ ಸೇರುತ್ತಿದ್ದ ಗ್ರ್ಯಾಂಡ್ ಲೀಗಿನಲ್ಲಿ ‘ಟ್ರೈ ಮಾಡಿ’ ಎಂದವನು ಎಂದೂ ಸುಳ್ಳಾಗುವುದಿಲ್ಲ.) ಟಾಸ್ ಆದ ಮೇಲೆ ತಂಡ ಗೊತ್ತಾಗುತ್ತದೆ, ಆಗ ತಿದ್ದಿಕೊಳ್ಳಬಹುದಲ್ಲ ಎಂದೀರಿ. ಸರಿ, ಆದರೆ ಆ ಸುದ್ದಿ ಎಲ್ಲರಿಗೂ ಒಂದೇ ಗಳಿಗೆಗೆ ಸಿಗುತ್ತದೆ. ಎಲ್ಲರಿಗೂ ಗೊತ್ತಿರುವುದರಿಂದ ಒಬ್ಬನಿಗೆ ಏನು ಲಾಭ? ಆ ದಿನ ಡರ್ಬಿಯಲ್ಲಿ ಕೌಶಲ ಬೇಕಾದಷ್ಟಿತ್ತು, ಆದರೆ ಅದು ರಾಜೇಶ್ವರಿಯ ಎಡಗೈಯಲ್ಲಿತ್ತು. 109 ರನ್ ಹೊಡೆದ ನಾಯಕಿ ಮಿಥಾಲಿ ರಾಜ್ ಅವರ ಬ್ಯಾಟಿನಲ್ಲಿತ್ತು. ಹಾಸಿಗೆಯ ಮೇಲೆ ಮಲಗಿ ಹೆಬ್ಬೆರಳು ಒತ್ತುವವನಿಗೆ ಅದರ ಪಾಲು ಹೇಗೆ ಹರಿದು ಬಂತು ಎಂಬುದೇ ನನಗೆ ಬಗೆಹರಿಯದ್ದು.

‘ಕೋರ್ಟೇ ಹೇಳಿದೆಯಲ್ಲ ಸ್ವಾಮಿ’ ಎನ್ನುವುದು ತಮ್ಮ ಗಟ್ಟಿ ಉತ್ತರ. ಹೇಳಿದೆ, ಅಲ್ಲಗಳೆಯುವುದಿಲ್ಲ. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಫ್ಯಾಂಟಸಿ ಆಟವನ್ನು ಕೌಶಲದ ಆಟ ಎಂದಿತು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕರ್ನಾಟಕದ ಪೊಲೀಸ್ ಕಾಯ್ದೆ ತಿದ್ದುಪಡಿ ರೊಕ್ಕದ ಆನ್‌ಲೈನ್ ಆಟಗಳ ಮೇಲೆ ಹೇರಿದ್ದ ನಿಷೇಧವನ್ನು ನಮ್ಮ ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆಟಗಾರರ ಬಲಾಬಲ ಅಳೆದು ತಂಡ ಕಟ್ಟಲು ಜ್ಞಾನ ಬೇಕು ಎಂಬುದು ಈ ವಾದದ ತಿರುಳು. ಒಪ್ಪಿದೆ. ಆದರೆ ಅಳೆಯುವವರು ತಾವು! ತಮ್ಮ ಹನ್ನೊಂದು ಹೆಸರನ್ನು ಟೆಲಿಗ್ರಾಂನಿಂದ ಎತ್ತಿ ಹಾಗೇ ಇಳಿಸಿಕೊಳ್ಳುವ ಹುಡುಗನ ಜ್ಞಾನ ಯಾವುದು? ಪರೀಕ್ಷಾ ಹಾಲಿನಲ್ಲಿ ಇದೇ ಕೆಲಸ ಮಾಡಿದರೆ ನಕಲು ಎಂದು ಡಿಬಾರ್ ಮಾಡುತ್ತಾರೆ. ಮೊಬೈಲಿನಲ್ಲಿ ಮಾಡಿದರೆ ಕೌಶಲ. ಹೀಗಾಗಿ ತಮ್ಮ ಅಪ್‌ಡೇಟ್ ಒಳ್ಳೆಯದಾದಷ್ಟೂ ಅದನ್ನು ನಂಬಿ ಆಡುವವನ ಆಟ ಜೂಜಿಗೆ ಹತ್ತಿರವಾಗುತ್ತದೆ. ಕಳಪೆಯಾದರಂತೂ ಮಾತೇ ಬೇಡ.

ಇನ್ನೊಂದು ಮಾತು ಬರುತ್ತಿತ್ತು: ಒಂದು ಸ್ಪರ್ಧೆಗೆ ಕಟ್ಟುವುದು ನಲವತ್ತೊಂಬತ್ತು ರೂಪಾಯಿ, ಚಹಾ ಭಜಿಯ ಖರ್ಚು, ಹುಡುಗರು ಖುಷಿಪಟ್ಟರೆ ನಿಮ್ಮ ಗಂಟೇನು ಹೋಯಿತು? ಖುಷಿಗೆ ಅಡ್ಡಿಯಿಲ್ಲ. ಆದರೆ ಲೆಕ್ಕ ಸರಳ. ಎಲ್ಲರಿಂದ ಕೂಡಿಸಿದ ರೊಕ್ಕದಲ್ಲಿ ಕಂಪನಿ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಹಂಚುತ್ತಿತ್ತು. 2023ರ ಅಕ್ಟೋಬರಿನಿಂದ ಸರ್ಕಾರವೂ ಕಟ್ಟಿದ ಹಣದ ಮೇಲೆ ಶೇ 28 ಜಿಎಸ್‌ಟಿ ಹಾಕಿತು. ಅಂದರೆ ಆಡುವವರೆಲ್ಲ ಒಟ್ಟಾಗಿ ಸೋಲುವುದು ಟಾಸಿಗೆ ಮುಂಚೆಯೇ ನಿಶ್ಚಯವಾಗಿತ್ತು. ಸಿಂದಗಿಯಿಂದ ಬಸವನ ಬಾಗೇವಾಡಿವರೆಗೆ ಪ್ರತಿಯೊಬ್ಬನೂ ತಮ್ಮ ಅಪ್‌ಡೇಟ್ ಓದಿ ಪಂಡಿತನಾದರೂ ಆ ಒಟ್ಟು ಸೋಲು ಒಂದು ರೂಪಾಯಿ ಕಡಿಮೆಯಾಗುತ್ತಿರಲಿಲ್ಲ. ಯಾರ ಜೇಬಿನಿಂದ ಎಂಬುದಷ್ಟೇ ಬದಲಾಗುತ್ತಿತ್ತು. ಇದರಲ್ಲಿ ತಮ್ಮ ನಿಜವಾದ ಉಪಕಾರ ಬೇರೆ: ಸೋತವನಿಗೆ ‘ಹಣೆಬರಹ’ ಎಂದು ಎದ್ದುಹೋಗುವ ಹಳೆಯ ಅವಕಾಶವನ್ನು ತಪ್ಪಿಸಿದಿರಿ. ಆಮೇಲೆ ಅವನು ‘ಅಪ್‌ಡೇಟ್ ಸರಿಯಾಗಿ ಓದಲಿಲ್ಲ’ ಎಂದುಕೊಂಡು ಮರುದಿನ ಮತ್ತೆ ಬರುತ್ತಿದ್ದ.

2025ರ ಆಗಸ್ಟಿನಲ್ಲಿ ಸಂಸತ್ತು ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಅದು ಬದಿಗಿಟ್ಟಿತು. ಫ್ಯಾಂಟಸಿ ಕಂಪನಿ ಡ್ರೀಮ್11 ರೊಕ್ಕದ ಸ್ಪರ್ಧೆ ನಿಲ್ಲಿಸಿತು, ಅದರ ಪ್ರಾಯೋಜಕತ್ವ ಕಳೆದುಕೊಂಡ ಭಾರತ ತಂಡ ಸೆಪ್ಟೆಂಬರಿನ ಏಷ್ಯಾ ಕಪ್ಪನ್ನು ಎದೆಯ ಮೇಲೆ ಪ್ರಾಯೋಜಕರ ಹೆಸರಿಲ್ಲದೆ ಆಡಿತು. ನಿಷೇಧದಿಂದ ಹುಡುಗರು ವಿದೇಶಿ ಆ್ಯಪ್‌ಗಳಿಗೂ ಊರಿನ ಬುಕ್ಕಿಗಳಿಗೂ ಹೋಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಟಕಾ ಎಷ್ಟು ನಿಷೇಧಗಳನ್ನು ಬದುಕಿ ಉಳಿದಿದೆ ಎಂಬುದು ಈ ಸೀಮೆಗೆ ಚೆನ್ನಾಗಿ ಗೊತ್ತು. ಆದರೆ ಆಕ್ಷೇಪವನ್ನು ಇನ್ನೊಮ್ಮೆ ಓದಿ ನೋಡಿ. ಫ್ಯಾಂಟಸಿ ಬಿಟ್ಟವನು ಹೋಗುವುದು ಚೆಸ್ಸಿಗಲ್ಲ, ಕ್ರಿಕೆಟ್ ಮೈದಾನಕ್ಕೂ ಅಲ್ಲ, ಬುಕ್ಕಿಯ ಬಳಿಗೆ ಎಂದು ತಮ್ಮ ಪಕ್ಷದವರೇ ಹೇಳುತ್ತಿದ್ದಾರೆ. ಇಷ್ಟು ದಿನ ಅವನು ಆಡುತ್ತಿದ್ದದ್ದು ಏನು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಹೇಳಿಕೆ ಯಾವುದಿದೆ? ಪುಕ್ಕಟೆಯಾಗಿ ಕೌಶಲ ತೋರಿಸಲು ಕಾಯ್ದೆ ಅಡ್ಡ ಬಂದಿಲ್ಲ.

ತಮ್ಮ ವರದಿಗಳಲ್ಲಿ ನಮ್ಮ ಕಡೆಯ ಒಂದು ತಂಡವೂ ಬರಲೆಂಬ ಆಸೆ ನನಗಿತ್ತು. ಬಿಜಾಪುರ ಬುಲ್ಸ್ ಎಂಬುದಿತ್ತು. 2018ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕಪ್ ಗೆದ್ದಿತ್ತು. ಮರುವರ್ಷ ಅದೇ ಲೀಗಿನಲ್ಲಿ, ಬೇರೆ ತಂಡಗಳ ಮೇಲೆ, ರೊಕ್ಕಕ್ಕಾಗಿ ಬೇಕೆಂದೇ ನಿಧಾನ ಆಡಿದರೆಂಬ ಫಿಕ್ಸಿಂಗ್ ಆರೋಪ ಬಂದು ಲೀಗೇ ಮುಚ್ಚಿತು. ಅದು ಕಾನೂನಿನ ಪ್ರಕಾರ ವಂಚನೆಯಾಗದು ಎಂದು 2022ರ ಜನವರಿಯಲ್ಲಿ ಹೈಕೋರ್ಟು ಪ್ರಕರಣ ರದ್ದುಮಾಡಿತು. ಅದೇ ವರ್ಷ ಕೆಪಿಎಲ್ ಜಾಗದಲ್ಲಿ ಶುರುವಾದ ಮಹಾರಾಜ ಟ್ರೋಫಿಯಲ್ಲಿ ವಿಜಯಪುರದ ತಂಡವಿಲ್ಲ. ಗಾಯ, ಫಾರ್ಮ್, ಪಿಚ್, ಮಳೆ ಎಲ್ಲಕ್ಕೂ ಅಪ್‌ಡೇಟಿನಲ್ಲಿ ಒಂದೊಂದು ಸಾಲಿದೆ. ಇಂಥ ಸಂಶಯಕ್ಕೂ ಒಂದು ಸಾಲು ಜಾಗ ಮಾಡಬಹುದಿತ್ತು.

ಕೊನೆಗೊಂದು ಬಿನ್ನಹ. ತಾವು ಬರೆಯುವುದನ್ನು ನಿಲ್ಲಿಸಬೇಡಿ. ಕಳೆದ ಸೀಸನ್ನಿನಲ್ಲಿ ಆರಿಸಿದ ಎಲ್ಲ ಕ್ಯಾಪ್ಟನ್‌ಗಳ ಹೆಸರನ್ನೂ ಪಂದ್ಯದ ತಾರೀಖು ಹಾಕಿ, ಪಕ್ಕದಲ್ಲಿ ಅವರು ಅಂದು ಗಳಿಸಿದ ಅಂಕ ಬರೆದು, ಅದರ ಪಕ್ಕದಲ್ಲಿ ಚೀಟಿ ಎತ್ತಿ ಆರಿಸಿದ್ದರೆ ಬರುತ್ತಿದ್ದ ಅಂಕವನ್ನೂ ಬರೆದು ಒಂದು ಪಟ್ಟಿ ಪ್ರಕಟಿಸಿ. ಎರಡನೆಯ ಅಂಕಣ ಮೂರನೆಯದಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಈ ಪತ್ರವನ್ನು ವಾಪಸು ಪಡೆದು ತಮ್ಮ ಹನ್ನೊಂದು ಮಂದಿಯನ್ನೇ ಇಳಿಸಿಕೊಳ್ಳುತ್ತೇನೆ, ಪುಕ್ಕಟೆ ಸ್ಪರ್ಧೆಯಲ್ಲಿ.

ಇತಿ ತಮ್ಮ ವಿಶ್ವಾಸಿ,
ಸಿಂದಗಿಯ ಒಬ್ಬ ಓದುಗ