ಟಾಂಜಾನಿಯಾದ ಪಪ್ಪಾಯಿಗೆ ಒಂದು ಬಹಿರಂಗ ಪತ್ರ

ಕುಮಾರಿ ಪಪ್ಪಾಯಿಯವರಿಗೆ,

ಕೊರೊನಾ ತಗುಲಿದ ಹಣ್ಣೆಂದು ತಾವು ಜಗತ್ಪ್ರಸಿದ್ಧರಾಗಿ ವರ್ಷಗಳೇ ಕಳೆದವು. 2020ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾನ್ ಮಗುಫುಲಿ ತಮ್ಮ ಮಾದರಿಯನ್ನು ಗುಟ್ಟಾಗಿ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿದ್ದಾಗಿ ಹೇಳಿದರು. ಚೀಟಿಯಲ್ಲಿ ಹೆಣ್ಣಿನ ಹೆಸರು, ವಯಸ್ಸು 26. ವರದಿ: ಪಾಸಿಟಿವ್. ಜೊತೆಗೆ ಕಳಿಸಿದ್ದ ಮೇಕೆಯ ಮಾದರಿಯೂ ಪಾಸಿಟಿವ್. ಹಲಸಿನ ಹಣ್ಣಿನದು ಮಾತ್ರ ಇತ್ಯರ್ಥವಾಗಲಿಲ್ಲ. (ಹಲಸು ಬಿಡಿಸಿದ ಅನುಭವವಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.)

ಅಧ್ಯಕ್ಷರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಆದ್ದರಿಂದ ಕಾರಣ ಗೊತ್ತಾಗುವ ಮೊದಲೇ ಲ್ಯಾಬಿನ ಮುಖ್ಯಸ್ಥರನ್ನೇ ಅಮಾನತು ಮಾಡಲಾಯಿತು. ಕಿಟ್‌ಗಳಲ್ಲಿ ದೋಷವಿಲ್ಲವೆಂದು ಆಫ್ರಿಕಾದ ರೋಗ ನಿಯಂತ್ರಣ ಸಂಸ್ಥೆ (ಆಫ್ರಿಕಾ ಸಿಡಿಸಿ)ಯ ಆಗಿನ ಮುಖ್ಯಸ್ಥ ಜಾನ್ ನ್ಕೆಂಗಸಾಂಗ್ ಹೇಳಿದ್ದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಅಷ್ಟರಲ್ಲಿ ತಾವು ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತುತ್ತಿದ್ದಿರಿ.

ತಾವು ಪಾಸಿಟಿವ್ ಆಗಿದ್ದು ನಿಜವೇ ಇರಬಹುದು. ಆರ್‌ಟಿ-ಪಿಸಿಆರ್ ಯಂತ್ರ ವೈರಾಣುವಿನ ತುಣುಕನ್ನು ಸುತ್ತುಸುತ್ತಿಗೂ ಇಮ್ಮಡಿಸುತ್ತದೆ. ಪಾಸಿಟಿವ್ ಎನ್ನಲು ಭಾರತದಲ್ಲಿ ಐಸಿಎಂಆರ್ ಇಟ್ಟಿದ್ದ ಮಿತಿ 35 ಸುತ್ತು. ಅಷ್ಟರೊಳಗೆ ಒಂದು ತುಣುಕು, ಲೆಕ್ಕದ ಪ್ರಕಾರ, 3,400 ಕೋಟಿ ದಾಟುತ್ತದೆ. ಪಕ್ಕದ ಟ್ಯೂಬಿನಿಂದ ಸಿಡಿದ ಹನಿಯೋ ಬದಲಿಸದ ಗ್ಲೌಸೋ ಸಾಕು, ಪಪ್ಪಾಯಿಗೂ ಸೋಂಕು. ಅದಕ್ಕೇ ಶಿಸ್ತಿನ ಲ್ಯಾಬುಗಳಲ್ಲಿ ಮಾದರಿಗಳ ಜೊತೆ ಬರೀ ಶುದ್ಧ ನೀರಿನದೊಂದು ಟ್ಯೂಬನ್ನೂ ಯಂತ್ರಕ್ಕಿಡುತ್ತಾರೆ. ನೀರೇ ಪಾಸಿಟಿವ್ ಬಂತೋ, ಇಡೀ ಪ್ಲೇಟು ರದ್ದು.

ಆದರೆ ತಮ್ಮ ಗದ್ದಲದಲ್ಲಿ ಒಬ್ಬರು ಸದ್ದಿಲ್ಲದೆ ಪಾರಾದರು. ಅದೇ ಕಂತಿನಲ್ಲಿ ಹೋಗಿದ್ದ ಗಾಡಿಯ ಆಯಿಲ್! ಗಂಡಸಿನ ಹೆಸರು, ವಯಸ್ಸು 30, ವರದಿ ನೆಗೆಟಿವ್. ಎಲ್ಲರೂ ಸರಿ ಎಂದುಕೊಂಡರು. ಸರಿಯೇ? ಅನೇಕ ಕಿಟ್‌ಗಳು ವೈರಾಣುವಿನ ಜೊತೆ ಮನುಷ್ಯನ ವಂಶವಾಹಿಯನ್ನೂ ಹುಡುಕುತ್ತವೆ, ಗಂಟಲದ್ರವ ನಿಜಕ್ಕೂ ಗಂಟಲಿನದೇ ಎಂದು ಖಾತ್ರಿಪಡಿಸಿಕೊಳ್ಳಲು. ಅಂಥ ಕಿಟ್ಟಿನಲ್ಲಿ ಆಯಿಲ್‌ಗೆ ಸಿಗಬೇಕಾದದ್ದು 'ಮಾದರಿ ಅಸಿಂಧು' ಎಂಬ ಷರಾ, ಆರೋಗ್ಯವಂತನೆಂಬ ಸರ್ಟಿಫಿಕೇಟಲ್ಲ.

ನೆಗೆಟಿವ್ ಬಂದರೆ ಯಾರೂ ಕೊಸರಾಡುವುದಿಲ್ಲ. 2021ರ ಹರಿದ್ವಾರ ಕುಂಭಮೇಳದಲ್ಲಿ ಲಕ್ಷದಷ್ಟು ಕೋವಿಡ್ ಪರೀಕ್ಷಾ ವರದಿಗಳು ನಕಲಿಯೆಂದು ಪ್ರಾಥಮಿಕ ತನಿಖೆ ಹೇಳಿತು. ಒಂದೇ ಮೊಬೈಲ್ ನಂಬರಿಗೆ ಐವತ್ತಕ್ಕೂ ಹೆಚ್ಚು ಜನ, ಒಂದೇ ಆಂಟಿಜೆನ್ ಕಿಟ್ಟಿಗೆ 700 ಮಾದರಿ. ತಮಗಾದರೋ ತೊಟ್ಟು, ಸಿಪ್ಪೆ, ಬೀಜ ಎಲ್ಲ ಇತ್ತು. ಅಲ್ಲಿ ಎಷ್ಟೋ ಹೆಸರುಗಳಿಗೆ ಮೂಗೇ ಇರಲಿಲ್ಲ.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಂತೂ ಮೂಗೂ ಇತ್ತು, ಸೋಂಕೂ ಇತ್ತು. 2021ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅಲ್ಲಿನ ಒಂದು ಖಾಸಗಿ ಲ್ಯಾಬಿನ ಸಿಬ್ಬಂದಿ ಪಾಸಿಟಿವ್-ನೆಗೆಟಿವ್ ಗೆರೆಯನ್ನೇ ತಪ್ಪಾಗಿ ಎಳೆದಿದ್ದರು. ಸುಮಾರು 39,000 ತಪ್ಪು ನೆಗೆಟಿವ್ ವರದಿಗಳು ಹೊರಬಿದ್ದವು. ಮನೆಯ ಕಿಟ್ ಪಾಸಿಟಿವ್ ಅಂದದ್ದನ್ನು ಲ್ಯಾಬು ನೆಗೆಟಿವ್ ಅಂದಾಗ ಜನ ಲ್ಯಾಬನ್ನೇ ನಂಬಿ ಕೆಲಸಕ್ಕೆ ಹೊರಟರು. ಅದರಿಂದ ಹೆಚ್ಚುವರಿಯಾಗಿ ಸುಮಾರು 55,000 ಮಂದಿಗೆ ಸೋಂಕು, ಇಪ್ಪತ್ತಕ್ಕೂ ಹೆಚ್ಚು ಸಾವು ಎಂದು ಅಲ್ಲಿನ ಆರೋಗ್ಯ ಭದ್ರತಾ ಸಂಸ್ಥೆ ಅಂದಾಜಿಸಿತು. ಈ ಊರಿನ ಹೆಸರಿನಲ್ಲಿ ಯಾರೂ ಜೋಕು ಫಾರ್ವರ್ಡ್ ಮಾಡಲಿಲ್ಲ.

ಒಂದು ಕೋರಿಕೆ: ಆ ಆಯಿಲ್ ಮಹಾಶಯರ ವಿಳಾಸ ಗೊತ್ತಿದ್ದರೆ ತಿಳಿಸಿ. ಮುಂದಿನ ಪತ್ರ ಅವರಿಗೆ.